ಗುರುವಾರದ ಭಾಷಣ, ಕೊನೆಯ ಪುಟ

ಮಾರ್ಚ್ ೧೨, ಮಂಗಳವಾರ

ಪುಟ್ಟಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಇನ್ನೂ ಉತ್ತರ ಬರೆದಿಲ್ಲವೆಂದು ನಿಮ್ಮಮ್ಮ ದಿನವೂ ನನ್ನ ತಲೆ ತಿನ್ನುತ್ತಿದ್ದಾಳೆ. ಸೋಮಾರಿತನವಲ್ಲ ಮಗಳೇ, ಏನು ಬರೆಯಬೇಕೆಂದೇ ತೋಚಲಿಲ್ಲ.

ಹೊರದೇಶದ ಗಾಜು ಅಗ್ಗಕ್ಕೆ ಬಂದರೆ ನಿಮ್ಮ ಗಾಜಿನ ಕಾರ್ಖಾನೆ ಮುಚ್ಚುತ್ತದಂತೆ, ಈಗಲೇ ಬಿಟ್ಟು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಲೇ ಎಂದು ಕೇಳಿದ್ದೀಯ. ತಿಂಗಳೊಳಗೆ ಆಸ್ಪತ್ರೆಯವರಿಗೆ ಹೇಳಬೇಕಂತೆ. "ನೀನು ದಿನಾ ದೊಡ್ಡ ದೊಡ್ಡ ತಜ್ಞರ ಮಾತು ಕೇಳ್ತೀಯಲ್ಲಪ್ಪ, ನಿನಗೆ ಗೊತ್ತಿರುತ್ತೆ" ಎಂದೂ ಬರೆದಿದ್ದೀಯ. ಇಪ್ಪತ್ತಾರು ವರ್ಷ ಕೇಳಿದ್ದೇನೆ, ನಿಜ. ಗುರುವಾರ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕೂತು ಭಾಷಣ ರೆಕಾರ್ಡು ಮಾಡುವುದು, ಶುಕ್ರವಾರ ಕೇಳಿಕೊಂಡು ಪುಸ್ತಿಕೆಗಾಗಿ ಟೈಪು ಮಾಡುವುದು. ಕೆಮ್ಮು, ತಡವರಿಕೆ, ಹೆಸರು ಹೇಳದೆ ಕೇಳಿದ ಪ್ರಶ್ನೆ ಇವನ್ನೆಲ್ಲ ತೆಗೆದುಹಾಕುವುದು ನಮ್ಮ ಸಂಸ್ಥೆಯ ಪದ್ಧತಿ.

ಆದರೆ ತಲೆಗೇನಾದರೂ ಹೋಗಿದೆಯೇ? ಹೋದ ತಿಂಗಳು ಅರ್ಥಶಾಸ್ತ್ರದ ಪ್ರೊಫೆಸರು (ನಾನು ಕೆಮ್ಮಪ್ಪ ಎನ್ನುತ್ತೇನೆ, ಅಷ್ಟು ಕೆಮ್ಮು ಕತ್ತರಿಸಿದ್ದೇನೆ) ಹೊರದೇಶದ ಗಾಜಿನ ಮೇಲಿನ ಸುಂಕ ತೆಗೆಯಿರಿ, ದೇಶಕ್ಕೆ ಒಳ್ಳೆಯದು ಎಂದರು. ಹೌದಲ್ಲ ಎನಿಸಿತು. ಮುಂದಿನ ವಾರ ನಿವೃತ್ತ ರಾಯಭಾರಿಯೊಬ್ಬರು, ನೆರೆದೇಶವನ್ನು ನಂಬಿ ಸುಂಕ ತೆಗೆದರೆ ಕೆಟ್ಟೆವು ಎಂದರು. ಅದೂ ಹೌದಲ್ಲ ಎನಿಸಿತು. ಅದನ್ನು ಕೇಳಲು ಕೆಮ್ಮಪ್ಪನವರೂ ಬಂದಿದ್ದರು. ಚಹಾದ ಹೊತ್ತಿಗೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ.

ಧೈರ್ಯ ಮಾಡಿ ಕೆಮ್ಮಪ್ಪನವರನ್ನೇ ಕೇಳಿದೆ. "ಸಾರ್, ನನ್ನ ಮಗಳು ಗಾಜಿನ ಕಾರ್ಖಾನೇಲಿದಾಳೆ. ಇರಲೋ ಬಿಡಲೋ ಅಂತಿದಾಳೆ."

ಅವರು ಲೋಟ ಕೆಳಗಿಟ್ಟರು. "ದೇಶಕ್ಕೆ ಲಾಭ ಅಂತ ಹೇಳಬಲ್ಲೆ ಕಣ್ರೀ. ನಿಮ್ಮ ಮಗಳಿಗೆ ಅಂದ್ರೆ... ನನಗೆ ಗೊತ್ತಿಲ್ಲ." ಪಾಪ, ಆಗ ಕೆಮ್ಮಲೂ ಇಲ್ಲ.

ನೀನು ಕೇಳಿದ್ದ ಅವರ ಭಾಷಣದ ಪುಸ್ತಿಕೆ ಜೊತೆಗಿಟ್ಟಿದ್ದೇನೆ. ಕೊನೆಯ ಪುಟ ನೋಡಬೇಕು ಎಂದು ಯಾಕೆ ಒತ್ತಿ ಬರೆದೆಯೋ ಕಾಣೆ. ಅಲ್ಲಿ ವಂದನಾರ್ಪಣೆ ಬಿಟ್ಟರೆ ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ಕಾಗದ ಮುಗಿಸಿದ ಮೇಲೆ ಬರೆದದ್ದು: ಮನಸ್ಸು ತಡೆಯದೆ ಕೆಮ್ಮಪ್ಪನವರ ಭಾಷಣದ ರೆಕಾರ್ಡನ್ನು ಇವತ್ತು ಮತ್ತೆ ಕೇಳಿದೆ. ಕೊನೆಯಲ್ಲಿ ಒಬ್ಬ ಹೆಂಗಸಿನ ದನಿ. "ಹದಿನೈದು ವರ್ಷ ಒಂದೇ ಕುಲುಮೆ ಮುಂದೆ ನಿಂತವರು ಈಗ ಎಲ್ಲಿಗೆ ಹೋಗ್ಬೇಕು ಸಾರ್?" ಅಧ್ಯಕ್ಷರು ಸಮಯವಾಯಿತು ಎಂದು ಸಭೆ ಮುಗಿಸಿದರು. ಹೆಸರು ಹೇಳಿಲ್ಲವೆಂದು ಆ ಶುಕ್ರವಾರ ನಾನೇ ಅದನ್ನು ತೆಗೆದುಹಾಕಿದ್ದೆ. ಇವತ್ತು ಮೂರನೆಯ ಸಲ ಕೇಳುವಾಗ ದನಿ ಗುರುತಾಯಿತು. ಗೋಡೆಯ ಆಚೆ ನೀನಿದ್ದೆ ಮಗಳೇ, ಈಚೆ ನಾನಿದ್ದೆ. ಮನೆಗೆ ಬಾರದೆ ಯಾಕೆ ಹೋದೆ ಎಂದು ಕೇಳಲು ನನಗೆ ಮುಖವಿಲ್ಲ. ಪುಸ್ತಿಕೆಯ ಕೊನೆಯ ಪುಟದಲ್ಲಿ ನಿನ್ನ ಪ್ರಶ್ನೆಯನ್ನು ನನ್ನ ಕೈಯಲ್ಲೇ ಬರೆದಿದ್ದೇನೆ, ನಿನ್ನ ಹೆಸರಿನ ಸಮೇತ.