ನಲವತ್ತನೇ ಪುಟಕ್ಕೆ ಸಾಕು

ಅಪ್ಪಾ,

ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುತ್ತಿರುವ ಹೊಸ ಕಾದಂಬರಿಯನ್ನು ನಾನೂ ಹಿಡಿದೆ. ನಾಯಕಿ ಪುಟಕ್ಕೊಂದು ಸಲ ಕಿಟಕಿ ಹತ್ತಿರ ನಿಂತು ನಿಟ್ಟುಸಿರು ಬಿಡುತ್ತಾಳೆ, ಒಂದು ದಿನವೂ ಪಾತ್ರೆ ತೊಳೆಯುವುದಿಲ್ಲ. ಸುಳ್ಳಿನ ಕಂತೆ. ನಲವತ್ತನೇ ಪುಟದ ಅಂಚಿನಲ್ಲಿ, ಬೇಸರವಾದಾಗ ನೀವು ಬರೆಯುತ್ತಿದ್ದ ಹಾಗೇ, ಪೆನ್ಸಿಲಿನಲ್ಲಿ 'ಇಲ್ಲಿಗೆ ಸಾಕು' ಅಂತ ಗೀಚಿ ಎಸೆದೆ. ಪುಸ್ತಕ ಹಾಳು ಮಾಡಬೇಡಿ ಅಂತ ನಿಮ್ಮನ್ನು ಬೈಯುತ್ತಿದ್ದವಳು ನಾನೇ.

ಮೊನ್ನೆ ಅಮ್ಮ ಬಟ್ಟೆ ಮಡಚುವುದನ್ನು ಬಿಟ್ಟು ಆ ಪುಟ ತೆರೆದು ತಂದಳು.

"ಇದನ್ನ ನಿಮ್ಮಪ್ಪ ಯಾವಾಗ ಓದಿದ್ರು?"

ನೀವು ಹೋಗಿ ಮೂರು ವರ್ಷ. ಪುಸ್ತಕ ಬಂದಿದ್ದು ಹೋದ ತಿಂಗಳು.

"ಆಗಲೇ ಓದಿದ್ರಮ್ಮ" ಅಂದೆ.

ಆ ದರಿದ್ರ ಪುಸ್ತಕ ಈಗ ಅವಳ ದಿಂಬಿನ ಪಕ್ಕದಲ್ಲಿದೆ. ನಲವತ್ತನೇ ಪುಟದವರೆಗೆ ಓದುತ್ತಾಳೆ, ಮತ್ತೆ ಮೊದಲಿಂದ ಶುರು ಮಾಡುತ್ತಾಳೆ.