ಗಂಗವ್ವನನ್ನು ಯಾರೂ ಕೇಳಲಿಲ್ಲ

ಮಕ್ಕಳ ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ‘ನೀಲಿಹೊಳೆಯ ಕಾವಲು’ ಕಾರ್ಟೂನ್ ಧಾರಾವಾಹಿಯ ಕೊನೆಯ ಕಂತಿನಲ್ಲಿ ಉಗ್ರಧೂಮನನ್ನು ಒಳ್ಳೆಯವನನ್ನಾಗಿ ಮಾಡಿದ ರೀತಿ ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಒಂದು ಊರಿನ ಹೊಳೆಯನ್ನೇ ಕದ್ದು ಗುಹೆಯಲ್ಲಿ ಬಚ್ಚಿಟ್ಟುಕೊಂಡಿದ್ದವನು ಎರಡು ಬಿಸ್ಕತ್ತಿನ ಜಾಹೀರಾತುಗಳ ನಡುವೆ ಒಂದು ಹನಿ ಕಣ್ಣೀರು ಹಾಕಿದ. ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಇಷ್ಟು ಸಲೀಸಾದ ಪಶ್ಚಾತ್ತಾಪ ಎಲ್ಲಿ ಸಿಗುತ್ತದೆಂದು ತಿಳಿಸಿದರೆ ನಾವು ಬಳ್ಳಾರಿಯವರೂ ಒಂದಿಷ್ಟು ತರಿಸಿಕೊಳ್ಳುತ್ತೇವೆ.

ಮಕ್ಕಳ ಕಾರ್ಟೂನಿಗೆ ತಕರಾರು ಬರೆಯುವ ದೊಡ್ಡ ಹೆಂಗಸು ಎಂದು ನೀವು ನಗಬಹುದು. ನಗಿರಿ. ಆದರೆ ಆ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ನೋಡಿದಷ್ಟು ಶ್ರದ್ಧೆಯಿಂದ ನಿಮ್ಮ ಕಚೇರಿಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನಾನು ಇಲ್ಲಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ಜನರ ಕೈಗೆ ಸೂಜಿ ಚುಚ್ಚಿ, ಸಂಜೆ ಗಾಂಧಿನಗರದ ಬಾಡಿಗೆ ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ನಿಮ್ಮ ಶೀರ್ಷಿಕೆ ಗೀತೆ ಶುರುವಾಗಿರುತ್ತಿತ್ತು. ಮಗಳು ಚನ್ನಬಸಮ್ಮ, ನಮ್ಮ ಚನ್ನಿ, ನನಗೆ ಜಾಗ ಹಿಡಿದು ಕೂತಿರುತ್ತಿದ್ದಳು. ಕುರುಗೋಡಿನಿಂದ ನಮ್ಮ ಜೊತೆ ಇರಲು ಬಂದ ನನ್ನ ಅವ್ವ ಎರ್ರಮ್ಮ ಚಹಾ ಹಿಡಿದು ಬಾಗಿಲಲ್ಲಿ ನಿಂತೇ ನೋಡುತ್ತಿದ್ದಳು.

ಚನ್ನಿಗೆ ಇಷ್ಟವಾದವಳು ಕಥಾನಾಯಕಿ ತಾರಿ. ನನಗೆ ಇಷ್ಟವಾದವಳು ತಾರಿಯ ತಾಯಿ ಗಂಗವ್ವ. ಹೊಳೆ ಬತ್ತಿದ ಮೇಲೆ ಬೆಟ್ಟದಾಚೆಯಿಂದ ಕೊಡದಲ್ಲಿ ನೀರು ಹೊತ್ತು ಊರಿನ ಮಕ್ಕಳನ್ನೆಲ್ಲ ಸಾಕಿದವಳು ಅವಳೇ ಅಲ್ಲವೇ? ಅವಳಿಗೆ ಮಂತ್ರದಂಡವಿಲ್ಲ, ಹಾರುವ ಕುದುರೆಯಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೂ ಕೊಡ ಇಳಿಸದೆ ನಿಂತೇ ಕಿತ್ತು ಎಸೆಯುವಳು. ಆ ದೃಶ್ಯ ಬರೆದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಕೊನೆಯ ಕಂತಿನಲ್ಲಿ ಏನಾಯಿತು? ಬೆಟ್ಟ ಬಿರುಕುಬಿಟ್ಟಿತು. ಉಗ್ರಧೂಮ ಬಂಡೆಗೆ ಬೆನ್ನು ಕೊಟ್ಟು ನಿಂತ. ಪಿಟೀಲು ಅತ್ತಿತು, ಅವನೂ ಅತ್ತ. ಹೊಳೆ ಹರಿಯಿತು. ಮಕ್ಕಳು ಹಾರ ಹಾಕಿದರು. ಗಂಗವ್ವ ಗುಂಪಿನ ಹಿಂದೆ ಒಂದು ಕ್ಷಣ ಕಾಣಿಸಿದಳು. ಒಂದು ಮಾತೂ ಇಲ್ಲ. ಚನ್ನಿ ಚಪ್ಪಾಳೆ ತಟ್ಟುತ್ತ ಅತ್ತಳು. ನನ್ನ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಪಾಪ, ಬುದ್ಧಿ ಬಂತು ನೋಡು ಅವಂಗ,” ಎಂದಳು. ಪಾಪ! ಅಷ್ಟು ವರ್ಷ ನೀರು ಹೊತ್ತವಳಿಗೆ ಯಾರೂ ಅನ್ನದ ಪಾಪ, ನೀರು ಕದ್ದವನಿಗೆ ಸಿಕ್ಕಿತು.

ಇಷ್ಟೇ ಆಗಿದ್ದರೆ ಟಿವಿ ಆರಿಸಿ ಮಲಗಿಬಿಡುತ್ತಿದ್ದೆ. ಆದರೆ ನಿಮ್ಮ ಕಂತು ಮುಗಿದ ಕೆಲವೇ ವಾರಗಳಲ್ಲಿ ನಮ್ಮ ಮನೆಯ ಬಾಗಿಲಿಗೆ ನನ್ನ ಗಂಡ ಬಂದು ನಿಂತ.

ಅವನ ಹೆಸರು ದೊಡ್ಡಬಸವರಾಜ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಮೇಸ್ತ್ರಿ. ಚನ್ನಿ ಇನ್ನೂ ತೊದಲು ಮಾತಾಡುತ್ತಿದ್ದಾಗ, “ಸ್ವಲ್ಪ ದಿನ ನಿಮ್ಮ ಅವ್ವನ ಮನ್ಯಾಗ ಇರು,” ಎಂದು ನಮ್ಮಿಬ್ಬರನ್ನು ಕುರುಗೋಡಿನ ಬಸ್ಸು ಹತ್ತಿಸಿದ. ಆಮೇಲೆ ಕರೆಯಲು ಬರಲಿಲ್ಲ. ನಾನೇ ಹೋದಾಗ ಮನೆಯಲ್ಲಿ ಬೇರೊಬ್ಬಳ ಸೀರೆ ಒಣಗುತ್ತಿತ್ತು. ಜಗಳವಾಡದೆ ತಿರುಗಿ ಬಂದೆ. ಕೆಲಸ ಹುಡುಕಿಕೊಂಡು ಬಳ್ಳಾರಿಗೆ ಬಂದೆ. ಒಮ್ಮೆ ಚನ್ನಿ ಡೆಂಗಿಯಿಂದ ಆಸ್ಪತ್ರೆ ಸೇರಿ ಪ್ಲೇಟ್‌ಲೆಟ್ ಇಳಿಯುತ್ತಿದ್ದಾಗ, ಆ ವರದಿಯನ್ನು ನನ್ನ ಕೈಯಾರೆ ತೆಗೆದವಳು ನಾನೇ, ಹೆದರಿ ಅವನಿಗೆ ಫೋನ್ ಮಾಡಿದ್ದೆ. ನನ್ನ ಧ್ವನಿ ಕೇಳಿ ಕಟ್ ಮಾಡಿದ. ಮಗಳಿಗೆ ಇದೊಂದನ್ನೂ ಹೇಳಿರಲಿಲ್ಲ. ಅಪ್ಪ ಯಾಕೆ ಬರುವುದಿಲ್ಲ ಎಂದರೆ “ದೂರ ಅದಾರ” ಎನ್ನುತ್ತಿದ್ದೆ. ಸಿರುಗುಪ್ಪ ಎಷ್ಟು ದೂರ ಎಂದು ಬಸ್ಸು ಹತ್ತಿದವರಿಗೆಲ್ಲ ಗೊತ್ತು.

ಅಂಥವನು ಒಂದು ಭಾನುವಾರ ಬೆಳಿಗ್ಗೆ ಒಗ್ಗಾಣಿ-ಮಿರ್ಚಿ ತಿಂಡಿಯ ಪೊಟ್ಟಣ ಹಿಡಿದು ನಿಂತಿದ್ದ. ಕೂದಲು ನೆರೆತಿತ್ತು. ಆ ಹೆಂಗಸು ಬಿಟ್ಟುಹೋಗಿದ್ದಳೆಂದು ಆಮೇಲೆ ತಿಳಿಯಿತು. ಮನಸ್ಸಿನಲ್ಲಿ ಇಷ್ಟು ವರ್ಷ ಅವನನ್ನು ಏಕವಚನದಲ್ಲಿ ಬಯ್ದವಳು ನಾನು. ಎದುರಿಗೆ ಕಂಡಾಗ ಹಾಳು ಬಾಯಿ ತಾನಾಗಿಯೇ “ಬರ್ರಿ” ಎಂದಿತು.

ಒಳಗೆ ಬಂದು ಚನ್ನಿಯನ್ನು ನೋಡಿದ್ದೇ ಕುಸಿದು ಕೂತ. “ತಪ್ಪಾತವ್ವ ನಂದು, ನಿಮ್ಮಪ್ಪಂದು ತಪ್ಪಾತು,” ಎಂದು ಮುಖ ಮುಚ್ಚಿಕೊಂಡು ಅತ್ತ. ಆ ಅಳು ಸುಳ್ಳಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನಾನೂ ನಿಮ್ಮಂತೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ಚನ್ನಿ ಅವನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣರಳಿಸಿ ಕೇಳಿದಳು: “ಅಮ್ಮ, ಅಪ್ಪ ಅಳಾಕತ್ತಾನ. ಅಂದ್ರ ಈಗ ಒಳ್ಳೆಯವ ಆದ್ನಲ್ಲ? ಉಗ್ರಧೂಮ ಆದಂಗ?”

ಮಾನ್ಯರೇ, ಈ ಪ್ರಶ್ನೆಗೆ ನೀವು ಉತ್ತರ ಕೊಡಬೇಕಿತ್ತು. ಪಾಠ ಕಲಿಸಿದವರು ನೀವು. ಪರೀಕ್ಷೆಗೆ ಕೂತವಳು ಮಾತ್ರ ನಾನು.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೋಗಿ ಅವನ ತೊಡೆಯ ಮೇಲೆ ಕೂತಿದ್ದಳು. ನನ್ನ ಅವ್ವ, ಅವನ ಹೆಸರೆತ್ತಿದರೆ ನೆಲಕ್ಕೆ ಉಗುಳುತ್ತಿದ್ದವಳು, ಒಲೆ ಹಚ್ಚಿ ಬಿಸಿ ಬಿಸಿ ರೊಟ್ಟಿ ಬಡಿದಳು. “ಇನ್ನೊಂದು ಹಾಕ್ಕೊಳ್ರಿ, ಸೊರಗೀರಿ,” ಎಂದಳು. ದಿನಕ್ಕೆ ಎಂಟು ತಾಸು ನಿಂತು ಬರುವ ನನಗೆ ನಮ್ಮ ಮನೆಯಲ್ಲಿ ಯಾರೂ ಸೊರಗಿದ್ದೀ ಎಂದಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಮೂವರ ನಗು ಕೇಳುತ್ತಿದ್ದೆ. ಹೊಟ್ಟೆಯಲ್ಲಿ ಏನೋ ಉರಿಯಿತು. ಮೊದಲು ಅದನ್ನು ಸಿಟ್ಟು ಎಂದುಕೊಂಡೆ. ಸಿಟ್ಟಲ್ಲ, ಶುದ್ಧ ಹೊಟ್ಟೆಕಿಚ್ಚು.

ಆಮೇಲೆ ಪ್ರತಿ ಭಾನುವಾರವೂ ಬಂದ. ಚನ್ನಿಯನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದ. ಗಿರಣಿಯಲ್ಲಿ ಭತ್ತ ಅಕ್ಕಿಯಾಗುವುದನ್ನು ತೋರಿಸಿದ. ಹಚ್ಚೊಳ್ಳಿಯ ತನ್ನ ಅಕ್ಕನ ಊರಿಗೆ ಒಯ್ದು ಟ್ರ್ಯಾಕ್ಟರ್ ಮೇಲೆ ಕೂರಿಸಿದ, ಕಾಲುವೆಯ ನೀರಿನಲ್ಲಿ ಕಾಲಾಡಿಸಲು ಬಿಟ್ಟ. ಸಂಜೆ ಬಂದವಳ ಬಾಯಲ್ಲಿ ಬರೀ ಅಪ್ಪ. ಅಪ್ಪ ಎರಡು ಬೆರಳಿಟ್ಟು ಸಿಳ್ಳೆ ಹೊಡೆಯುತ್ತಾನೆ. ಅಪ್ಪ ತೆಲುಗಿನಲ್ಲಿ ಜೋಕು ಹೇಳುತ್ತಾನೆ. ಹೋಮ್‌ವರ್ಕ್ ಮಾಡು ಎಂದು ನಾನು ಗದರಿದ ಒಂದು ದಿನ ಅವಳು ಪುಸ್ತಕ ಎಸೆದು ಹೇಳಿದಳು: “ಅಪ್ಪ ಚಲೋ ಅದಾನ. ನೀನೇ ಬರೇ ಬೈತಿ.”

ಸಹಜ. ಜ್ವರಕ್ಕೆ ಕಹಿ ಔಷಧ ಕುಡಿಸಿದವಳು ನಾನು, ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು, ತಲೆಯ ಹೇನು ಬಾಚಿದವಳು ನಾನು. ಇದರಲ್ಲಿ ಸಿಳ್ಳೆ ಹೊಡೆಯುವಂಥದ್ದು ಯಾವುದಿದೆ? ಯಾವ ಮಗು ಹೇನಿನ ಬಾಚಣಿಗೆಗೆ ಹಾರ ಹಾಕುತ್ತದೆ? ತಪ್ಪು ಮಾಡಿ ಬಂದವನ ಬಳಿ ಹೇಳಿಕೊಳ್ಳಲು ಕಥೆಯಿರುತ್ತದೆ. ತಪ್ಪದೆ ಇದ್ದವಳ ಬಳಿ ಬರೀ ದಿನಚರಿ. ಉಗ್ರಧೂಮನಿಗೆ ಹಿನ್ನೆಲೆ ಸಂಗೀತ ಕೊಟ್ಟಿರಿ. ಗಂಗವ್ವನಿಗೆ ಕೊಟ್ಟಿದ್ದು ಕೊಡ.

ಹೀಗಿರುವಾಗ ಕಳೆದ ತಿಂಗಳು ಒಂದು ಭಾನುವಾರ ಅವನು ಬರಲಿಲ್ಲ. ಚನ್ನಿ ಹೊಸ ಫ್ರಾಕ್ ಹಾಕಿಕೊಂಡು ಬೆಳಿಗ್ಗೆಯಿಂದ ಗೇಟಿನ ಹತ್ತಿರ ಕೂತಿದ್ದಳು. ಪ್ರತಿ ಆಟೋ ಸದ್ದಿಗೂ ಎದ್ದು ನಿಲ್ಲುವಳು. ಊಟಕ್ಕೆ ಕರೆದರೆ, “ಅಪ್ಪ ಬಂದ ಮ್ಯಾಲ,” ಎನ್ನುವಳು. ನಾಚಿಕೆಯಿಂದ ಬರೆಯುತ್ತಿದ್ದೇನೆ: ಮೊದಲ ಒಂದು ತಾಸು ನನಗೆ ಖುಷಿಯಾಗಿತ್ತು. ಕಂಡೆಯಾ ನಿನ್ನ ಒಳ್ಳೆಯವನನ್ನು, ಎಂದುಕೊಂಡೆ. ಆದರೆ ಮಧ್ಯಾಹ್ನದ ಬಿಸಿಲು ಗೇಟಿಗೆ ಬಂದರೂ ಅವಳು ಸರಿಯಲಿಲ್ಲ. ಕೊರಳಿನ ಬೆವರಿಗೆ ಫ್ರಾಕಿನ ರಿಬ್ಬನ್ ಅಂಟಿಕೊಂಡಿತ್ತು. ಅದನ್ನು ನೋಡುತ್ತ ಖುಷಿಪಡುವುದು ನನ್ನ ಕೈಲಾಗಲಿಲ್ಲ.

ಫೋನ್ ಮಾಡಿದೆ. ಈ ಸಲ ಕಟ್ ಮಾಡಲಿಲ್ಲ.

“ಗಿರಣ್ಯಾಗ ಲೋಡ್ ಬಂದಿತ್ತು, ಸುನಂದಾ. ಮುಂದಿನ ವಾರ ಬರ್ತೀನಿ ಅಂತ ಹೇಳು ಆಕಿಗೆ.”

“ನಾ ಹೇಳಂಗಿಲ್ಲ. ನೀವೇ ಬಂದು ಹೇಳ್ರಿ.”

“ಅಲ್ಲ, ಒಂದು ವಾರಕ್ಕ ಏನಾತು...”

“ಕೇಳ್ರಿ ಇಲ್ಲಿ,” ಎಂದೆ. “ಅವತ್ತು ಅತ್ರಿ, ಆಕಿ ನಂಬಿದ್ಲು. ಅಳೋದು ಒಂದ್ ದಿನದ್ದು. ಬರೋದು ಪ್ರತಿ ವಾರದ್ದು. ಆಗೂದಿಲ್ಲ ಅಂದ್ರ ಈಗ ಹೇಳಿಬಿಡ್ರಿ, ಆಕಿ ಫ್ರಾಕ್ ಬಿಚ್ಚಿಡ್ತೀನಿ. ನಾ ನಿಮ್ಮನ್ನ ಮಾಫ್ ಮಾಡಿಲ್ಲ. ಮಾಡೇನಿ ಅಂತ ಯಾರು ಹೇಳಿದ್ರು ನಿಮಗ?”

ಆ ಕಡೆಯಿಂದ, ಗಿರಣಿಯ ಸದ್ದಿನ ನಡುವೆ, “ಬರ್ತೀನಿ,” ಎಂದ.

ಸಂಜೆಗೆ ಮುಂಚೆ ಬಂದ. ಮೈಮೇಲೆ ತವುಡಿನ ಧೂಳು ಹಾಗೇ ಇತ್ತು. ಅವ್ವ ರೊಟ್ಟಿಗೆ ಎದ್ದಳು. “ಕೂಡು ನೀನು” ಎಂದೆ, ಕೂತಳು. ಚನ್ನಿ ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಗೇಟು ಹಿಡಿದು ನಿಂತೇ ಕೇಳಿದಳು.

“ಯಾಕ ಬರ್ಲಿಲ್ಲ?”

“ಕೆಲ್ಸ ಇತ್ತವ್ವ.”

“ಮತ್ತ ಫೋನ್ ಮಾಡಬೇಕಿತ್ತು.”

ಅವನ ಕಣ್ಣುಗಳು ಮತ್ತೆ ತುಂಬಿದವು. ಅವಳು ನೋಡಿದಳು, ಆದರೆ ಹತ್ತಿರ ಹೋಗಲಿಲ್ಲ. “ಈಗ ಅಳಬ್ಯಾಡ,” ಎಂದು ಹೇಳಿ ಒಳಗೆ ಬಂದು, ಫ್ರಾಕ್ ಬದಲಿಸಿ, ನನ್ನ ಮಗ್ಗುಲಲ್ಲಿ ಕೂತು ಊಟ ಮಾಡಿದಳು. ಅವನು ಹೊರಗಿನ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತಿದ್ದು ಕೊನೆಯ ಬಸ್ಸಿಗೆ ಹೋದ. ಮುಂದಿನ ಭಾನುವಾರ ಹೇಳಿದ ಹೊತ್ತಿಗೆ ಬಂದ. ಅದರ ಮುಂದಿನದಕ್ಕೂ ಬಂದಿದ್ದಾನೆ. ಚನ್ನಿ ಈಗ ಹೋಗುತ್ತಾಳೆ, ನಗುತ್ತಾಳೆ, ಆದರೆ ತೊಡೆಯ ಮೇಲೆ ಕೂರುವುದಿಲ್ಲ. ಒಂಬತ್ತರ ಹುಡುಗಿಗೆ ತಿಳಿದಿದ್ದು ನಿಮ್ಮ ಕಥಾ ವಿಭಾಗಕ್ಕೆ ತಿಳಿಯಲಿಲ್ಲವೇ?

ಇಷ್ಟಾದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತೆಂದು ತಿಳಿಯಬೇಡಿ. ಅವಳು ಅವನ ಮೇಲೆ ಅಷ್ಟು ಸಿಟ್ಟಾದಳಲ್ಲ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಬರದಿದ್ದರೆ ಅಷ್ಟು ನೋವಾಗುವಂಥ ಜಾಗ ಅವನಿಗೆ ಸಿಕ್ಕಿದೆ. ನಾನು ಎಲ್ಲಿಗೂ ಹೋಗುವುದೇ ಇಲ್ಲವಲ್ಲ. ನನಗಾಗಿ ಗೇಟಿನಲ್ಲಿ ಕಾಯುವ ಪ್ರಸಂಗವೇ ಅವಳಿಗೆ ಬಂದಿಲ್ಲ.

ಈಗ ನೀವು ಹೊಸ ಸರಣಿಯ ಜಾಹೀರಾತು ಬಿಟ್ಟಿದ್ದೀರಿ. ಉಗ್ರಧೂಮ ಊರಿನ ಮಕ್ಕಳಿಗೆ ಗುರುವಾಗುತ್ತಾನಂತೆ. ಅವನ ನಗುಮುಖದ ಶಾಲಾ ಚೀಲಗಳು ನಮ್ಮ ಅಂಗಡಿಗಳಲ್ಲಿ ತೂಗಾಡುತ್ತಿವೆ. ಗಂಗವ್ವನ ಚಿತ್ರವಿರುವ ಒಂದು ರಬ್ಬರನ್ನಾದರೂ ಮಾಡಿದ್ದೀರಾ?

ನನ್ನ ಬೇಡಿಕೆ ದೊಡ್ಡದಲ್ಲ. ಅವನನ್ನು ಮತ್ತೆ ಕೆಟ್ಟವನನ್ನಾಗಿ ಮಾಡಿ ಎನ್ನುತ್ತಿಲ್ಲ. ಗುರು ಮಾಡುವ ಮೊದಲು ಒಂದು ಪೂರ್ತಿ ಸರಣಿ ಅವನು ನೀರು ಹೊರಲಿ, ಪಿಟೀಲು ಇಲ್ಲದೆ. ಒಂದು ದಿನ ಬರುವುದನ್ನು ತಪ್ಪಿಸಲಿ, ಬೈಸಿಕೊಳ್ಳಲಿ, ಮರುದಿನ ಬರಲಿ. ಮತ್ತು ಯಾವುದಾದರೂ ಒಂದು ಕಂತಿನಲ್ಲಿ ಅವನು ಗಂಗವ್ವನ ಮುಂದೆ ನಿಂತು, ನನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಲಿ. ಅವಳು ಹೂಂ ಎನ್ನಬಹುದು, ಊಹೂಂ ಎನ್ನಬಹುದು, ಬಾಗಿಲು ಹಾಕಿಕೊಳ್ಳಲೂಬಹುದು. ಏನು ಹೇಳುತ್ತಾಳೋ ನನಗೂ ಗೊತ್ತಿಲ್ಲ. ನನ್ನನ್ನಿನ್ನೂ ಯಾರೂ ಕೇಳಿಲ್ಲ.

ಇಂತಿ,
ಯಾವ ಕಂತಿನಲ್ಲೂ ಅಳಲು ಪುರುಸೊತ್ತು ಸಿಗದ ಪ್ರೇಕ್ಷಕಿ
ಸುನಂದಾ
ಗಾಂಧಿನಗರ, ಬಳ್ಳಾರಿ