ಒಡೆಯುವುದಾದರೆ, ಮಣ್ಣು ಮಾಡಿ

ಬಿಷಪರ ಕಚೇರಿಯಲ್ಲಿ ಕೂತು ಕಟ್ಟಡಗಳ ಆಯುಸ್ಸು ಅಳೆಯುವ ಮಾನ್ಯರೇ,

ರೂರ್ ಗಣಿಸೀಮೆಯ ನಮ್ಮ ಕಾಂಕ್ರೀಟು ಚರ್ಚನ್ನು ಈಸ್ಟರ್ ಕಳೆದ ಮೇಲೆ ಕೆಡವುತ್ತೀರಂತೆ. ಭಕ್ತರು ಕಡಿಮೆ, ಒಪ್ಪಿದೆ. ಚಾವಣಿ ಸೋರುತ್ತದೆ, ಈ ವಯಸ್ಸಿನಲ್ಲಿ ನಾನೂ ಸೋರುತ್ತೇನೆ. ಆದರೆ "ಸ್ಥಳೀಯರಿಗೆ ಈ ಕಟ್ಟಡದ ಮೇಲೆ ಮಮತೆಯಿಲ್ಲ" ಎಂದು ಬಾಗಿಲಿಗೆ ನೋಟೀಸು ಅಂಟಿಸಿದ್ದೀರಲ್ಲ, ಅದನ್ನು ಯಾರ ಬಾಯಿಂದ ಕೇಳಿದಿರಿ?

ನಮ್ಮ ಬಾಯಿಂದಲೇ, ಬಲ್ಲೆ. ಸಭೆಗೆ ಬಂದ ನಿಮ್ಮ ಅಧಿಕಾರಿ, "ಈ ಚರ್ಚಿನ ಬಗ್ಗೆ ನಿಮಗೇನನ್ನಿಸುತ್ತೆ?" ಅಂದರು. ಗಣಿಯಲ್ಲಿ ದುಡಿದು ಸವೆದ ಪಕ್ಕದ ಮನೆಯ ಗುಂಟ್ರಾಮ್, "ಚರ್ಚಾ? ಕಲ್ಲಿದ್ದಲ ಗೋದಾಮು ಸ್ವಾಮಿ! ದೇವರೂ ಕೋಟು ತೊಟ್ಕೊಂಡೇ ಒಳಗೆ ಬರ್ತಾನೆ" ಅಂದ. "ಸುಮ್ನಿರೋ, ನಿನ್ನ ಮೂತಿಗಿಂತ ವಾಸಿ ಇದೆ" ಅಂದೆ ನಾನು. ಸಭೆಯೆಲ್ಲ ನಕ್ಕಿತು. ನಿಮ್ಮವರು ನಗದೆ ಬರೆದುಕೊಂಡರು. ಮಾನ್ಯರೇ, ಗಣಿಯವರು ಮರ್ಯಾದೆ ಕೊಡುವುದು ಪರರಿಗೆ. ನಮ್ಮದನ್ನು ನಾವು ಬೈಯುತ್ತೇವೆ. ನನ್ನ ಗಂಡನನ್ನು ಸಾಯುವವರೆಗೂ ಮುದಿ ಕತ್ತೆ ಅಂತಲೇ ಕರೆದೆ. ಅದನ್ನು ನಂಬಿ ಯಾರಾದರೂ ಅವನನ್ನು ಕಸಾಯಿಖಾನೆಗೆ ಅಟ್ಟಿದರೇ?

ಯುದ್ಧದಲ್ಲಿ ಬಾಂಬು ಬಿದ್ದು ಹಳೆಯ ಚರ್ಚೂ ನಮ್ಮ ಬೀದಿಯೂ ಒಂದೇ ಗುಡ್ಡೆಯಾದವು. ನನ್ನ ತಮ್ಮ ಎವಾಲ್ಡ್ ಅದರೊಳಗೇ ಸಿಕ್ಕಿ ಹೋದ. ಹೂಳಲು ಒಂದು ಬೆರಳೂ ಸಿಗಲಿಲ್ಲ. ಆಮೇಲೆ ಅದೇ ಗುಡ್ಡೆಯನ್ನು ಯಂತ್ರದಲ್ಲಿ ಪುಡಿಮಾಡಿ, ಸಿಮೆಂಟಿಗೆ ಕಲಸಿ, ಈ ಚರ್ಚಿನ ಗೋಡೆ ಎರೆದರು. ಬೇರೆ ಜಲ್ಲಿ ಎಲ್ಲಿತ್ತು? ಅವ್ವ ಪ್ರತಿ ಭಾನುವಾರ ಗೋಡೆಗೆ ಅಂಗೈ ಒತ್ತಿ ಕೂರುತ್ತಿದ್ದಳು. "ಅಮ್ಮಾ, ಬಲಿಪೀಠ ಆ ಕಡೆ ಇದೆ" ಅಂದರು ಪಾದ್ರಿಗಳು. "ಇರಲಿ ಫಾದರ್, ನನ್ನ ಕೂಸು ಈ ಕಡೆ ಇದೆ." ಅವ್ವ ಹೋದ ಮೇಲೆ ಆ ಜಾಗದಲ್ಲಿ ನಾನು ಕೂರುತ್ತೇನೆ. ಗೋಡೆ ಒರಟು, ಚಳಿಗಾಲದಲ್ಲಿ ಕೈ ಕೊರೆಯುತ್ತದೆ. ಆದರೂ ತೆಗೆಯಲು ಮನಸ್ಸಾಗುವುದಿಲ್ಲ.

ಒಡೆದ ಕಾಂಕ್ರೀಟು ಹೆದ್ದಾರಿಯ ತಳಕ್ಕೆ ಹೋಗುತ್ತದಂತೆ. ಮರುಬಳಕೆ ಎಂದು ಹೆಮ್ಮೆಪಟ್ಟಿದ್ದೀರಿ. ಆ ಮಗುವಿನ ಮರುಬಳಕೆ ಒಮ್ಮೆ ಆಗಿದೆ ಸ್ವಾಮಿ. ಸಾಲದೇ?

ನಾಲ್ಕು ತರಗತಿ ಓದಿದ ಮುದುಕಿಯ ಕಾಗದಕ್ಕೆ ಯಾವ ಯಂತ್ರ ನಿಂತೀತು? ಉಳಿಸಿ ಎಂದು ಬೇಡುವುದನ್ನು ಬಿಟ್ಟಿದ್ದೇನೆ. ಒಡೆಯಿರಿ. ಆದರೆ ಆ ಪುಡಿಯನ್ನು ನಮ್ಮ ಸ್ಮಶಾನಕ್ಕೆ ಸಾಗಿಸಿ, ಗುಂಡಿ ತೋಡಿಸಿ, ಪಾದ್ರಿಯೊಬ್ಬರನ್ನು ಕಳಿಸಿ ಮಣ್ಣು ಮಾಡಿಸಿ. ಅವರು ಹೆಸರು ಕೇಳಿದರೆ ಹೇಳಿ: ಎವಾಲ್ಡ್, ಮೂರು ವರ್ಷ. ಆ ಗುಡ್ಡೆಗೆ ಸಿಕ್ಕ ಉಳಿದವರ ಹೆಸರು ಹೇಳಲು ಬೀದಿಯಲ್ಲಿ ಈಗ ಯಾರೂ ಇಲ್ಲ.

ಇಂತಿ,
ಉತ್ತರ ಬಾರದೆಂದು ಗೊತ್ತಿದ್ದೂ ಪತ್ರಿಕೆಗೆ ಬರೆದ ಅಕ್ಕ,
ವಾಲ್‌ಟ್ರೌಟ್ ಕೊವಾಲಿಕ್